ಅಪ್ಪನ ಲ್ಯಾಪ್‌ಟಾಪಿಗೆ ಯಾವ ಆಡ್ ಬ್ಲಾಕರ್ ಹಾಕಲಿ?

ಕಾಫಿಗಿಡ ಕೇಳಿದ್ದು:
ಅಪ್ಪ ರಿಟೈರ್ ಆಗಿದ್ದಾರೆ. ದಿನಾ ಬೆಳಿಗ್ಗೆ ಕ್ರೋಮ್‌ನಲ್ಲಿ ಪೇಪರ್ ಓದುತ್ತಾರೆ. ಸುದ್ದಿಗಿಂತ ಜಾಹೀರಾತೇ ಜಾಸ್ತಿ. ಹೋದ ವಾರ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಅನ್ನೋ ಜಾಹೀರಾತು ನೋಡಿ, ಗಾಬರಿಯಲ್ಲಿ ಅದನ್ನೇ ಒತ್ತಿಬಿಟ್ಟರು. ಜಾಹೀರಾತು ತಡೆಯುವ ಆಡ್ ಬ್ಲಾಕರ್ ಹುಡುಕಿದರೆ ಒಂದೇ ತರದ ಹೆಸರಿನವು ಸಾಲಾಗಿ ಸಿಗುತ್ತಿವೆ. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪ ಬ್ಯಾಂಕ್ ಖಾತೆಯನ್ನೂ ನೋಡುತ್ತಾರೆ. ಯಾವುದನ್ನು ನಂಬಲಿ?

ಬಯಲುಸೀಮೆ:
ನಿಮ್ಮ ಅಂಜಿಕೆ ಸರಿಯಾಗಿಯೇ ಇದೆ. ಸಾಮಾನ್ಯವಾಗಿ ಆಡ್ ಬ್ಲಾಕರ್‌ಗೆ ನಾವು ತೆರೆಯುವ ಎಲ್ಲ ಪುಟಗಳನ್ನೂ ನೋಡುವ ಅನುಮತಿ ಕೊಟ್ಟಿರುತ್ತೇವೆ. ಬ್ಯಾಂಕಿನ ಪುಟವೂ ಅದರಲ್ಲಿ ಸೇರಿತು. ಮನೆಯ ಬೀಗದ ಕೈ ಕೊಟ್ಟ ಹಾಗೆ. ಎಷ್ಟು ಸ್ಟಾರ್ ಇದೆ ಅನ್ನೋದು ಆಮೇಲೆ. ಮೊದಲು ಅದನ್ನು ಮಾಡಿದವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿ.

ನಾನು ಸ್ಟಾರ್ ನೋಡಿಯೇ ಒಂದನ್ನು ಹಾಕಿಕೊಂಡಿದ್ದೆ. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಏನು ಹುಡುಕಿದರೂ ಬೇರೆ ಯಾವುದೋ ಪುಟ ತೆರೆಯತೊಡಗಿತು. ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರಿಗೆ ಸೇರಿಸಿಕೊಳ್ಳುವ ಇಂಥ ಸಣ್ಣ ಪ್ರೋಗ್ರಾಂಗಳನ್ನು) ಒಂದೊಂದಾಗಿ ಆಫ್ ಮಾಡಿ ನೋಡಿದಾಗ ಇದರದ್ದೇ ಕೆಲಸ ಅಂತ ಗೊತ್ತಾಯಿತು. ಅದು ಯಾರಿಗೋ ಮಾರಾಟವಾಗಿತ್ತು. ಹೊಸ ಮಾಲೀಕರ ಅಪ್‌ಡೇಟ್ ನನ್ನನ್ನು ಕೇಳದೆಯೇ ಬಂದು ಕೂತಿತ್ತು.

2020ರ ಅಕ್ಟೋಬರ್‌ನಲ್ಲಿ ನ್ಯಾನೊ ಆಡ್‌ಬ್ಲಾಕರ್ ಕೈ ಬದಲಾದಾಗಲೂ ಹೀಗೇ ಆಯಿತು. ಹೊಸ ಆವೃತ್ತಿ ಬಳಕೆದಾರರ ಮಾಹಿತಿ ಕದಿಯತೊಡಗಿತು. ಕೆಲವರ ಇನ್‌ಸ್ಟಾಗ್ರಾಂ ಖಾತೆಯಿಂದ ಅವರಿಗೆ ಗೊತ್ತಿಲ್ಲದೆಯೇ ಲೈಕ್‌ಗಳು ಬಿದ್ದವು. ಕೊನೆಗೆ ಗೂಗಲ್ ಅದನ್ನು ತೆಗೆದುಹಾಕಿತು. 2018ರಲ್ಲಂತೂ ಕ್ರೋಮ್ ಸ್ಟೋರ್‌ನಲ್ಲೇ ಐದು ನಕಲಿ ಆಡ್ ಬ್ಲಾಕರ್‌ಗಳನ್ನು ಆಡ್‌ಗಾರ್ಡ್ ಅನ್ನೋ ಆಡ್ ಬ್ಲಾಕರ್ ಕಂಪನಿಯವರು ಪತ್ತೆ ಮಾಡಿದರು. ಅಷ್ಟರಲ್ಲಿ 2 ಕೋಟಿಗೂ ಹೆಚ್ಚು ಜನ ಹಾಕಿಕೊಂಡಾಗಿತ್ತು!

ಈಗ ನಾನು ಬಳಸುವುದು ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಅನ್ನುವವರು ಮಾಡಿದ್ದು. ಅವರು ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಕೋಡ್ ಯಾರು ಬೇಕಾದರೂ ನೋಡಬಹುದು. ಒಂದು ಎಚ್ಚರ: ‘ಒರಿಜಿನ್’ ಇಲ್ಲದ ಬರೀ ‘ಯುಬ್ಲಾಕ್’ ಬೇರೆ. ಅದನ್ನು ಹಿಲ್ 2015ರಲ್ಲಿ ಇನ್ನೊಬ್ಬರಿಗೆ ಒಪ್ಪಿಸಿದರು, 2018ರಲ್ಲಿ ಅದು ಆಡ್‌ಬ್ಲಾಕ್ ಕಂಪನಿಗೆ ಹೋಯಿತು. ಹಾಕುವ ಮುಂಚೆ ಮಾಡಿದವರ ಹೆಸರು ಓದಿ.

ಹಳೇಮೈಸೂರು:
ಬಯಲುಸೀಮೆಯವರ ಮಾತು ನಿಜ. ಆದರೆ ಅಪ್ಪ ಕ್ರೋಮ್ ಬಳಸುತ್ತಾರೆ ಅಂದಿರಲ್ವಾ? ಗೂಗಲ್ ಎಕ್ಸ್‌ಟೆನ್ಷನ್ ನಿಯಮ ಬದಲಿಸಿತು, 2025ರಲ್ಲಿ ಹಳೆಯ ಯುಬ್ಲಾಕ್ ಒರಿಜಿನ್ ಅಲ್ಲಿ ನಿಂತೇಹೋಯಿತು. ಈಗ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್. ಅದೂ ರೇಮಂಡ್ ಹಿಲ್ ಅವರದ್ದೇ. ಯಾವುದನ್ನು ತಡೆಯಬೇಕು ಅನ್ನೋ ಪಟ್ಟಿಯನ್ನು ಮೊದಲೇ ಬ್ರೌಸರಿಗೆ ಕೊಟ್ಟಿರುತ್ತದೆ, ತಡೆಯುವುದು ಬ್ರೌಸರೇ. ಹಳೆಯದರಷ್ಟು ಶಕ್ತಿ ಇಲ್ಲ, ಪೇಪರ್ ಓದಲು ಧಾರಾಳ ಸಾಕು. ಪೂರ್ತಿ ಆವೃತ್ತಿಯೇ ಬೇಕಾದರೆ ಫೈರ್‌ಫಾಕ್ಸ್‌ಗೆ ಬನ್ನಿ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಹಾಕಬಹುದು. ನಮ್ಮ ಅಮ್ಮನ ಫೋನಿಗೆ ಹಾಗೇ ಮಾಡಿಕೊಟ್ಟೆ. ಅಡುಗೆ ವಿಧಾನ ಓದುವಾಗ ಪುಟ ಮೇಲೆ ಕೆಳಗೆ ಹಾರುವುದು ನಿಂತಿತು.

ಕಡಲತೀರ:
ನಾನು ಆಡ್‌ಬ್ಲಾಕ್ ಪ್ಲಸ್ ಬಳಸುತ್ತೇನೆ. ಜರ್ಮನಿಯ ಕಲೋನ್‌ನ ಕಂಪನಿಯದು. 2011ರಿಂದ ‘ಒಪ್ಪಬಹುದಾದ ಜಾಹೀರಾತು’ ಅಂತ ಕೆಲವನ್ನು ಬಿಡುತ್ತಾರೆ, ಅದಕ್ಕೆ ದೊಡ್ಡ ಕಂಪನಿಗಳಿಂದ ಹಣ ಪಡೆಯುತ್ತಾರೆ. ಮುಚ್ಚಿಟ್ಟಿಲ್ಲ, ಬೇಡವಾದರೆ ಸೆಟ್ಟಿಂಗ್‌ನಲ್ಲಿ ಆಫ್ ಮಾಡಬಹುದು. ನನಗೆ ಅಷ್ಟು ಸಾಕು. ಆದರೆ ಎರಡು ಬ್ಲಾಕರ್ ಒಟ್ಟಿಗೆ ಹಾಕಬೇಡಿ, ಪುಟಗಳು ಕೆಡಬಹುದು.

ಇನ್ನೊಂದು ಮಾತು. ಕನ್ನಡದಲ್ಲಿ ಬರೆಯುವ ಸಣ್ಣ ಸೈಟ್‌ಗಳಿಗೆ ಜಾಹೀರಾತೇ ಅನ್ನ. ಕಾಟ ಕೊಡದ ಸೈಟ್ ಕಂಡರೆ ಅಲ್ಲಿ ಮಾತ್ರ ಬ್ಲಾಕರ್ ಆಫ್ ಮಾಡಿ. ನಾನು ಮೂರು ಸೈಟ್‌ಗಳಿಗೆ ಹಾಗೆ ಬಿಟ್ಟಿದ್ದೇನೆ.

ಕಾಫಿಗಿಡ:
ಎಲ್ಲರಿಗೂ ಥ್ಯಾಂಕ್ಸ್. ಹೆಸರು ನೋಡಿಕೊಂಡು ಒರಿಜಿನ್ ಲೈಟ್ ಹಾಕಿದೆ. ಬ್ಯಾಂಕಿಗೆ ಅಂತಲೇ ಯಾವ ಎಕ್ಸ್‌ಟೆನ್ಷನ್ನೂ ಇಲ್ಲದ ಬೇರೆ ಪ್ರೊಫೈಲ್ ಮಾಡಿಕೊಟ್ಟಿದ್ದೇನೆ. ಅಪ್ಪ ಇವತ್ತು ಸಂಪಾದಕೀಯ ಪೂರ್ತಿ ಓದಿದರು. ನಾಳೆ ಫೋನಿಗೂ ಹಾಕಿಕೊಡು ಅಂದಿದ್ದಾರೆ.