ಶಿರಸಿಯಿಂದ ಗೋಕರ್ಣ, ಒಂದೇ ದಿನ: ರಜೆಗೆ ಬರುವವರು ವೇಳೆ ಹೇಗೆ ಹೊಂದಿಸಬೇಕು?

ಮುರುಗಲು_ಪಾನಕ:
ಡಬ್ಲಿನ್‌ನಿಂದ ಡಿಸೆಂಬರ್ ಮೂರನೇ ವಾರ ಶಿರಸಿಗೆ ಬರ್ತಿದ್ದೇವೆ. ಗೋಕರ್ಣಕ್ಕೆ ಸಿಗೋದು ಒಂದೇ ದಿನ, ರಾತ್ರಿ ಉಳಿಯೋ ಹಾಗಿಲ್ಲ. ಜತೆಗೆ ಮೊಣಕಾಲು ನೋವಿರುವ ಅಪ್ಪಯ್ಯ (74), ಆರು ವರ್ಷದ ಮಗಳು. ದೇವಸ್ಥಾನ, ಮಿರ್ಜಾನ ಕೋಟೆ, ಓಂ ಬೀಚು, ಆಮೇಲೆ ಕಾರವಾರದ ಯುದ್ಧನೌಕೆ: ಇಷ್ಟೂ ಹಿಡಿಸುತ್ತದಾ? ಬಾಡಿಗೆ ಕಾರು ನಾನೇ ಓಡಿಸುವ ಯೋಚನೆ. ಐರಿಶ್ ಲೈಸೆನ್ಸ್ ಇದೆ, ಇಲ್ಲಿಯದರ ಅವಧಿ ಮುಗಿದಿದೆ.

ದಿವಗಿ_ಕ್ರಾಸ್:
ಕಾರವಾರ ಮೊದಲು ತೆಗೆದುಹಾಕಿ. ಗೋಕರ್ಣದಿಂದ ಮತ್ತೆ 60 ಕಿ.ಮೀ. ಚಪಲ್ ನೌಕೆ, ಟುಪೊಲೆವ್ ವಿಮಾನ, ಸದಾಶಿವಗಡ ಎಲ್ಲ ಸೇರಿ ಅದೇ ಒಂದು ಬೇರೆ ದಿನದ ಕೆಲಸ.

ಉಳಿದದ್ದಕ್ಕೆ ದಾರಿ ಹೀಗೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕತಗಾಲ ದಾಟಿ ದಿವಗಿಯಲ್ಲಿ ಹೆದ್ದಾರಿ 66 ಸೇರ್ತೀರಿ. ಅಲ್ಲಿ ಬಲಕ್ಕೆ ತಿರುಗಬೇಕು. ಮ್ಯಾಪ್ ಹಾಕದೆ ಬಂದವರು ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ಕುಮಟಾ ಪೇಟೆ ಹೊಕ್ಕುಬಿಡ್ತಾರೆ. ಅಘನಾಶಿನಿ ಸೇತುವೆ ದಾಟಿದರೆ ಮಿರ್ಜಾನ, ಮುಂದೆ ಮಾದನಗೇರಿಯಲ್ಲಿ ಎಡಕ್ಕೆ ಗೋಕರ್ಣದ ರಸ್ತೆ, ಇನ್ನು 10 ಕಿ.ಮೀ. ಒಟ್ಟು ಸುಮಾರು 80 ಕಿ.ಮೀ. ಅಷ್ಟೇನಾ ಅನ್ನಬೇಡಿ, ಎರಡೂವರೆ ತಾಸು ಇಟ್ಟುಕೊಳ್ಳಿ. ಡಿಸೆಂಬರ್ ಬೆಳಗ್ಗೆ ಘಟ್ಟದ ಮೇಲೆ ಮಂಜು ಇರ್ತದೆ. ರಸ್ತೆ ಅಗಲೀಕರಣಕ್ಕೆ, ಮಳೆಗಾಲದಲ್ಲಿ ಗುಡ್ಡ ಕುಸಿತಕ್ಕೆ ದೇವಿಮನೆ ಬಂದ್ ಆಗೋದುಂಟು. ಹಿಂದಿನ ದಿನ ಜಿಲ್ಲಾಧಿಕಾರಿ ಆದೇಶ ಇದೆಯಾ ನೋಡಿ. ಬಂದ್ ಇದ್ದರೆ ಯಲ್ಲಾಪುರ, ಅಂಕೋಲಾ ಸುತ್ತಿ ಬರಬೇಕು, ಆಗ ಒಂದು ದಿನದ ಲೆಕ್ಕ ತಪ್ಪಿದಂತೆಯೇ.

ಇಳಿಯುವಾಗ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಹೋಗಬೇಡಿ. ಪ್ಯಾಡ್ ಕಾದು ಸುಟ್ಟ ವಾಸನೆ ಬರ್ತದೆ, ಆಮೇಲೆ ಒತ್ತಿದರೂ ಹಿಡಿಯೋದಿಲ್ಲ. ಎರಡನೇ ಗೇರಿನಲ್ಲಿ ಇಳಿಸಿ. ಮಗುವಿಗೆ ಹೊಟ್ಟೆ ತುಂಬ ತೆಳ್ಳೇವು, ಹಾಲು ಕೊಟ್ಟು ಹೊರಟರೆ ದೇವಿಮನೆ ತಿರುವಿನಲ್ಲಿ ಎಲ್ಲ ಹೊರಗೆ. ಒಂದು ಬಾಳೆಹಣ್ಣು ಸಾಕು, ತಿಂಡಿ ಕೆಳಗೆ ಇಳಿದ ಮೇಲೆ.

ತೇರುಬೀದಿ:
ಇಡೀ ದಿನವನ್ನು ನಡೆಸುವುದು ದೇವಸ್ಥಾನದ ಬಾಗಿಲು. ಮಧ್ಯಾಹ್ನ ಮುಚ್ಚಿದರೆ ಮತ್ತೆ ತೆಗೆಯೋದು ಸಂಜೆ. ಹನ್ನೆರಡಕ್ಕೆ ಬಂದು ಸಾಲಿನಲ್ಲಿ ನಿಂತವರು ಬಿಸಿಲಲ್ಲಿ ಒಣಗಿ ದರ್ಶನ ಇಲ್ಲದೆ ವಾಪಸ್ ಹೋಗ್ತಾರೆ. 6:30ಕ್ಕೆ ಶಿರಸಿ ಬಿಟ್ಟು 9ಕ್ಕೆ ಗೋಕರ್ಣ ಮುಟ್ಟಿ. ಸೋಮವಾರ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಂತೂ ಬೇಡವೇ ಬೇಡ, ಕಾರು ನಿಲ್ಲಿಸಲೇ ಒಂದು ತಾಸು.

ಗಂಡಸರು ಪಂಚೆ ಉಟ್ಟು, ಅಂಗಿ, ಬನಿಯನ್ ಎರಡೂ ತೆಗೆದು ಒಳಗೆ ಹೋಗಬೇಕು. ಪಂಚೆ ಕಾರಿನಲ್ಲೇ ಉಟ್ಟು ಇಳಿಯಿರಿ, ಅಪ್ಪಯ್ಯನಿಗೆ ಬೀದಿಯಲ್ಲಿ ನಿಂತು ಬದಲಾಯಿಸುವ ಕಷ್ಟ ತಪ್ಪುತ್ತದೆ. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ, ಅದು ಇಲ್ಲಿಯ ಪದ್ಧತಿ. ಕೋಟಿತೀರ್ಥ ಕೆರೆಯ ಮೆಟ್ಟಿಲಿಗೆ ಪಾಚಿ ಹಿಡಿದಿರ್ತದೆ, ಹಿರಿಯರನ್ನು ಮೇಲೇ ಕೂರಿಸಿ.

ಇತಿಹಾಸ ಕೇಳುವವರಿದ್ದರೆ: ಕಾಳಿದಾಸನ ರಘುವಂಶದಲ್ಲಿ ಗೋಕರ್ಣದ ಹೆಸರು ಬರುತ್ತದೆ. 1665ರಲ್ಲಿ ಬಸರೂರು ಲೂಟಿ ಮುಗಿಸಿ ಮರಳುವಾಗ ಶಿವಾಜಿ ಇಲ್ಲಿ ಸ್ನಾನ ಮಾಡಿ ಹೋಗಿದ್ದ.

ಅಳಿವೆ_ಬಾಯಿ:
ಓಂ ಬೀಚಿಗೆ ಕಾರು ಮೇಲಿನವರೆಗೆ ಮಾತ್ರ, ಕೆಳಗೆ ಮೆಟ್ಟಿಲಿಳಿಯಬೇಕು. ಕುಡ್ಲೆ ಬೀಚೂ ಹಾಗೇ. ಮೊಣಕಾಲು ನೋವಿದ್ದವರಿಗೆ ದೇವಸ್ಥಾನದ ಹಿಂದಿನ ದೊಡ್ಡ ಕಡಲೇ ಸಲೀಸು, ಬೀದಿಯಿಂದ ನೇರ ಮರಳಿಗೆ. ಓಂ ಆಕಾರ ನೋಡಲೇಬೇಕಿದ್ದರೆ ಗುಡ್ಡದ ಮೇಲಿಂದಲೇ ಚೆನ್ನಾಗಿ ಕಾಣ್ತದೆ, ಕೆಳಗಿಳಿದರೆ ಕಾಣೋದಿಲ್ಲ. ಹಾಫ್ ಮೂನ್ ಬೀಚಿನ ಕಡೆ ಬಂಡೆಯ ಕಾಲುದಾರಿ, ಅತ್ತ ಹೋಗಲೇಬೇಡಿ.

ನೀರಿನ ವಿಷಯ. ಎರಡೂ ಬದಿ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಹೊರಗಿನವರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಸಮುದ್ರಕ್ಕೆ ವಾಪಸ್ ಓಡುವ ಜಾಗ ಅದು. ಸಿಕ್ಕಿಬಿದ್ದರೆ ದಡದ ಕಡೆ ಸೆಣಸಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಬಂಡೆಯ ಬುಡದಲ್ಲೂ ಇಂಥ ಸೆಳೆತ ಇರ್ತದೆ. ಮಗುವಿಗೆ ಮೊಣಕಾಲುದ್ದ ನೀರು, ಅದೂ ಕೈ ಹಿಡಿದು.

ದಿವಗಿ_ಕ್ರಾಸ್:
ಕೋಟೆ ವಾಪಸ್ ಬರುವಾಗ ಇಟ್ಟುಕೊಳ್ಳಿ. ಊಟ ಮುಗಿಸಿ 2:30ಕ್ಕೆ ಹೊರಟರೆ 3:15ಕ್ಕೆ ಮಿರ್ಜಾನ, ಒಂದು ತಾಸು ಸಾಕು. ಕತ್ತಲಾಗುವ ಮೊದಲು ಘಟ್ಟ ಹತ್ತಿರ್ತೀರಿ. ಚಿರೆಕಲ್ಲಿನ ಕೋಟೆ, ಹೆದ್ದಾರಿಯಿಂದ ಅರ್ಧ ಕಿ.ಮೀ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ (ಆಳಿದ್ದು 1552ರಿಂದ 1606) ಕಾಳುಮೆಣಸು ಅಘನಾಶಿನಿ ಹೊಳೆಯಿಂದಲೇ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಒಳಗೆ ನೆರಳಿಲ್ಲ, ನೀರು ಜತೆಗಿರಲಿ. ಬಾವಿಗಳು ಸುಮಾರಿವೆ, ಹುಡುಗಿಯನ್ನು ಓಡಲು ಬಿಡಬೇಡಿ.

ಅಳಿವೆ_ಬಾಯಿ:
ಹಾಗಾದರೆ ಸೂರ್ಯಾಸ್ತ ಹೋಯಿತಲ್ಲ ಮಾರಾಯ್ರೆ! ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗೋದು. ಕೋಟೆ ಬಿಟ್ಟು ಅದನ್ನೇ ನೋಡಿ ಅಂತ ನನ್ನ ಮತ. ಆದರೆ ಕತ್ತಲಲ್ಲಿ ಘಟ್ಟ ಹತ್ತಬೇಕು, ಅದಕ್ಕೆ ಊರಿನ ಡ್ರೈವರ್ ಬೇಕು.

ಮುರುಗಲು_ಪಾನಕ:
ಕಾರವಾರ, ಸೂರ್ಯಾಸ್ತ ಎರಡೂ ಬಿಟ್ಟೆ. ಕೋಟೆ ಇರಲಿ. ಲೈಸೆನ್ಸ್ ಯಾರೂ ಹೇಳಲಿಲ್ಲ. ಗೋಕರ್ಣದ ಹತ್ತಿರದ ತದಡಿಯಿಂದ ದೋಣಿಯಲ್ಲಿ ಕಾರನ್ನು ಹೊಳೆ ದಾಟಿಸಬಹುದಾ?

ತೇರುಬೀದಿ:
ತದಡಿ–ಅಘನಾಶಿನಿ ದೋಣಿ ಜನಕ್ಕೆ, ಬೈಕಿಗೆ. ಕಾರಿಗಲ್ಲ.

ಲೈಸೆನ್ಸ್: ಐರಿಶ್ ಲೈಸೆನ್ಸಿನ ಜತೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು. ಅದು ಲೈಸೆನ್ಸ್ ಕೊಟ್ಟ ದೇಶದಲ್ಲೇ ಆಗುವಂಥದ್ದು, ಶಿರಸಿಗೆ ಬಂದ ಮೇಲೆ ನೆನಪಾದರೆ ಉಪಯೋಗವಿಲ್ಲ. ಇಲ್ಲಿಯ ಹಳೆಯದು ಮುಗಿದು ಒಂದು ವರ್ಷದೊಳಗಿದ್ದರೆ ನವೀಕರಣ ಆಗ್ತದೆ, ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಬಾಡಿಗೆ ಕಾರಿನ ನಂಬರ್ ಪ್ಲೇಟು ಕಪ್ಪು ಬಣ್ಣದ್ದು, ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಕಾರು ಬಾಡಿಗೆಗೆ ಕೊಟ್ಟರೆ ಅಪಘಾತವಾದಾಗ ವಿಮೆ ಕೈಕೊಡಬಹುದು. ಡ್ರೈವರ್ ಸಮೇತ ಹಳದಿ ಬೋರ್ಡಿನದಾದರೆ ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಬಾಟಾ (ಡ್ರೈವರ್‌ನ ದಿನಭತ್ಯೆ) ಎಷ್ಟು, ಎರಡನ್ನೂ ಮೊದಲೇ ಕೇಳಿ. ಜಗಳ ಬರೋದು ಅಲ್ಲೇ.

ಫೋನ್‌ಪೇ, ಗೂಗಲ್‌ಪೇ ನಂಬಿಕೊಂಡು ಬರಬೇಡಿ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಬ್ಯಾಂಕ್ ಖಾತೆ) ವಿದೇಶಿ ಮೊಬೈಲ್ ನಂಬರ್ ಜೋಡಿಸುವ ಸೌಲಭ್ಯ ಕೆಲವು ದೇಶಗಳಿಗೆ ಮಾತ್ರ, ಅದನ್ನೂ ಬ್ಯಾಂಕಿನಲ್ಲಿ ಮೊದಲೇ ಮಾಡಿಸಿರಬೇಕು. ನೂರರ, ಐವತ್ತರ ನೋಟು ಶಿರಸಿಯಲ್ಲೇ ಮಾಡಿಸಿಕೊಳ್ಳಿ. ಪಾರ್ಕಿಂಗು, ಎಳನೀರು, ಪೂಜೆ ಸಾಮಾನಿಗೆ ಐನೂರರ ನೋಟು ಹಿಡಿದರೆ ಚಿಲ್ಲರೆ ಇಲ್ಲ ಅಂತಾರೆ.