ಚಾಲಕರಿಲ್ಲದ ದೋಣಿಗೆ ಅನುಮತಿ: ಅನುಭವಸ್ಥರು ತಿಳಿಸಿ

ಪ್ರಶ್ನೆ, ಎಚ್‌ಎಸ್‌ಆರ್ ಬಡಾವಣೆಯಿಂದ:
ಚಾಲಕರಿಲ್ಲದೆ ಸಾಗುವ 12 ಮೀಟರ್ ದೋಣಿಗೆ ನಾವು ಐವರು ತಂತ್ರಾಂಶ ಸಿದ್ಧಪಡಿಸಿದ್ದೇವೆ. ಮಂಗಳೂರಿನ ಕಡಲಲ್ಲಿ ಪರೀಕ್ಷಿಸಲು ಮೊದಲು ನೋಂದಣಿ ಮಾಡಿಸಬೇಕೇ, ವಿಮೆಯನ್ನೇ?

ಪೀಣ್ಯದಿಂದ:
ಯಾವುದನ್ನು ಮೊದಲು ಹಿಡಿದರೂ ಇನ್ನೊಂದು ಅಡ್ಡ ನಿಲ್ಲುತ್ತದೆ ಎಂಬುದನ್ನು ನಾನು 11 ತಿಂಗಳು ಅನುಭವಿಸಿದ್ದೇನೆ. ವಿಮೆಯವರು ನೋಂದಣಿ ಪತ್ರ ಕೇಳಿದರು. ನೋಂದಣಿಗೆ ಹೋದರೆ, ಅರ್ಜಿಯಲ್ಲಿ ‘ಮಾಸ್ಟರ್ ಹೆಸರು’, ಅಂದರೆ ಹಡಗಿನ ಹೊಣೆ ಹೊತ್ತ ನಾಯಕನ ಹೆಸರು, ಎಂಬ ಕಾಲಂ ಖಾಲಿಯಿದೆಯೆಂದು ಗುಮಾಸ್ತರು ಪೆನ್ಸಿಲಿನಲ್ಲಿ ಸುತ್ತು ಹಾಕಿ ಮೂರು ಸಲ ಹಿಂದಿರುಗಿಸಿದರು. ಅವರನ್ನು ದೂರಲಾರೆ, ಏಕೆಂದರೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 94ನೆಯ ವಿಧಿಯೇ ಪ್ರತಿ ಹಡಗೂ ಅರ್ಹ ಮಾಸ್ಟರ್ ಒಬ್ಬರ ವಶದಲ್ಲಿರಬೇಕು ಎನ್ನುತ್ತದೆ. ಅಷ್ಟರಲ್ಲಿ ದಿನಕ್ಕೆ 600 ರೂಪಾಯಿಯಂತೆ ಧಕ್ಕೆಯಲ್ಲಿ ದೋಣಿ ಕಟ್ಟಿದ ಬಾಡಿಗೆಯೇ ಸುಮಾರು 2 ಲಕ್ಷವಾಯಿತು. ತಳಕ್ಕೆ ಹತ್ತಿದ ಚಿಪ್ಪು ಕೆರೆಸಿ ಬಣ್ಣ ಬಳಿಸಲು 85,000 ಹೋಯಿತು. ಉಪ್ಪುಗಾಳಿಗೆ ಎರಡು ಕ್ಯಾಮೆರಾಗಳ ಗಾಜು ಮಸುಕಾಯಿತು. ಕೊನೆಗೆ ದೋಣಿಯನ್ನೇ ಮಾರಿದೆ.

ಜಯನಗರದಿಂದ, ನಿವೃತ್ತ ಕ್ಯಾಪ್ಟನ್:
31 ವರ್ಷ ಹಡಗಿನಲ್ಲಿದ್ದವನು ನಾನು. ಆ ಕಾಲಂ ಬರಿಯ ಕಾಗದದ ವಿಷಯವಲ್ಲ. 1972ರ ಡಿಕ್ಕಿ ತಡೆ ನಿಯಮಗಳಲ್ಲಿ 5ನೆಯದು, ಕಣ್ಣಿನಿಂದಲೂ ಕಿವಿಯಿಂದಲೂ ಸದಾ ಕಾವಲಿರಬೇಕು ಎನ್ನುತ್ತದೆ. ಮಲ್ಪೆಯಾಚೆ ಒಂದು ರಾತ್ರಿ, ದೀಪವಾರಿದ ನಾಡದೋಣಿಯೊಂದು ಅಲೆಗಳ ನಡುವೆ ರೇಡಾರಿಗೆ ಸಿಗದೆ ಹೋದಾಗ, ಅದರಲ್ಲಿದ್ದವರು ಡಬ್ಬ ಬಡಿದ ಸದ್ದು ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನ ಹೊರಬದಿಯಲ್ಲಿ ನಿಂತಿದ್ದ ನಾವಿಕನ ಕಿವಿಗೆ ಬಿದ್ದುದರಿಂದ ನಾನು ಹಡಗನ್ನು ತಿರುಗಿಸಿದೆ. ನಿಮ್ಮ ತಂತ್ರಾಂಶ ಆ ಸದ್ದನ್ನು ಗುರುತಿಸುವುದೇ?

ವೈಟ್‌ಫೀಲ್ಡ್‌ನಿಂದ:
ಕ್ಯಾಪ್ಟನ್ ಅವರೇ, ಅದಕ್ಕೆಂದೇ ನಾವು ಮೈಕ್ರೊಫೋನ್ ಅಳವಡಿಸಿದ್ದೇವೆ. ಪೀಣ್ಯದವರು ಎಡವಿದ್ದು ಬೇರೆಡೆ. ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ 2021ರಲ್ಲಿ ಮುಗಿಸಿದ ಪರಿಶೀಲನೆಯು ಸ್ವಾಯತ್ತತೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಅವರು ನೇರ ನಾಲ್ಕನೆಯದಕ್ಕೇ, ಯಂತ್ರವೇ ಎಲ್ಲವನ್ನೂ ನಿರ್ಧರಿಸುವ ಹಂತಕ್ಕೇ, ಕೈ ಹಾಕಿದರು. ದಡದಿಂದ ನಿಯಂತ್ರಿಸಿದರೂ ಸಿಬ್ಬಂದಿ ಒಳಗೇ ಇರುವ ಎರಡನೆಯ ಹಂತವನ್ನು ನಾವು ಆರಿಸಿಕೊಂಡು, ಅರ್ಹತಾಪತ್ರವುಳ್ಳ ತಂಡೇಲರೊಬ್ಬರನ್ನು (ದೋಣಿ ನಡೆಸುವ ಮುಖ್ಯಸ್ಥರನ್ನು) ತಿಂಗಳಿಗೆ 38,000 ರೂಪಾಯಿಗೆ ನೇಮಿಸಿದೆವು. ಕಾಗದಪತ್ರಗಳಲ್ಲಿ ಅದು ಸಾಮಾನ್ಯ ದೋಣಿ. ತಾನಾಗಿಯೇ ಸಾಗಲೆಂದು ಕಟ್ಟಿದ ನಾರ್ವೆಯ 80 ಮೀಟರ್ ಉದ್ದದ ಸರಕು ಹಡಗು ‘ಯಾರಾ ಬಿರ್ಕೆಲ್ಯಾಂಡ್’ ಕೂಡ 2022ರಲ್ಲಿ ಸಿಬ್ಬಂದಿಯೊಂದಿಗೇ ಸರಕು ಸಾಗಣೆ ಆರಂಭಿಸಿತು.

ಪೀಣ್ಯದಿಂದ:
ಎಡವಿದೆ ಎನ್ನಲು ನೀವು ಯಾರು? ಸಂಬಳ ಕೊಟ್ಟು ಮನುಷ್ಯನನ್ನು ಕೂರಿಸಿದ ಮೇಲೆ ಅದು ಚಾಲಕರಹಿತ ಹೇಗಾಯಿತು? ಹೂಡಿಕೆದಾರರಿಗೂ ಹೀಗೆಯೇ ಹೇಳಿದಿರಾ?

ವೈಟ್‌ಫೀಲ್ಡ್‌ನಿಂದ:
ಮೊದಲ ದಿನವೇ ಹೇಳಿದ್ದೇವೆ, ಬರಹದಲ್ಲಿಯೇ. ಆಧಾರವಿಲ್ಲದ ಆರೋಪ ಮಾಡಬೇಡಿ.

ಜಯನಗರದಿಂದ, ನಿವೃತ್ತ ಕ್ಯಾಪ್ಟನ್:
ಇಬ್ಬರೂ ಹಣದ ಮಾತನ್ನೇ ಆಡುತ್ತಿದ್ದೀರಿ. ಕಡಲಲ್ಲಿ ಅಪಾಯಕ್ಕೆ ಸಿಲುಕಿದವರ ನೆರವಿಗೆ ಧಾವಿಸುವುದು ಮಾಸ್ಟರ್‌ನ ಕಾನೂನುಬದ್ಧ ಹೊಣೆ. ಕಡಲಯಾನ ಸಂಸ್ಥೆಯ ವೇಳಾಪಟ್ಟಿಯಂತೆ ಸ್ವಾಯತ್ತ ಹಡಗುಗಳ ಕಡ್ಡಾಯ ಸಂಹಿತೆ ಜಾರಿಗೆ ಬರುವುದು 2032ರ ಜನವರಿ 1ಕ್ಕೆ. ಅಲ್ಲಿಯವರೆಗೆ, ಯಾರೂ ಇಲ್ಲದ ದೋಣಿಯಿಂದ ಮುಳುಗುವವನಿಗೆ ಹಗ್ಗ ಎಸೆಯುವವರು ಯಾರು?

ವೈಟ್‌ಫೀಲ್ಡ್‌ನಿಂದ:
ಹೋದ ಏಪ್ರಿಲ್‌ನಲ್ಲಿ ನಮ್ಮ ದೋಣಿಯಿಂದ ಹಗ್ಗ ಎಸೆದವರು ಆ ತಂಡೇಲರೇ. ಇದನ್ನು ಒಪ್ಪುತ್ತೇನೆ.

ಪೀಣ್ಯದಿಂದ:
ಹಾಗಾದರೆ ಇದಕ್ಕೂ ಉತ್ತರಿಸಿ: ವಿಮಾ ಪಾಲಿಸಿಯಲ್ಲಿ ಮಾಸ್ಟರ್ ಎಂದು ಬರೆಸಿದ್ದು ಆ ತಂಡೇಲರ ಹೆಸರನ್ನೋ, ವೈಟ್‌ಫೀಲ್ಡ್‌ನಲ್ಲಿ ಪರದೆಯ ಮುಂದೆ ಕುಳಿತವರದ್ದನ್ನೋ?