ಮಾವನನ್ನು ವಾರಿಯರ್ಸ್ ಮ್ಯಾಚ್‌ಗೆ ಕರೆದುಕೊಂಡು ಹೋಗಬೇಕು, ಹೋದವರು ಅನುಭವ ಹೇಳಿ

ಹಾಸನದ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವು ಫ್ರೀಮಾಂಟ್‌ನಲ್ಲಿದ್ದೇವೆ. ಜನವರಿಯಲ್ಲಿ ಅತ್ತೆ ಮಾವ ಬರುತ್ತಿದ್ದಾರೆ. ಮಾವ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ವಾರಿಯರ್ಸ್ ಟೀಮಿನ ಸ್ಟೆಫ್ ಕರಿ ಆಡೋದನ್ನು ಕಣ್ಣಾರೆ ನೋಡಬೇಕು ಅಂತ ಅವರಿಗೆ ಆಸೆ. ಈಗ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ನಲ್ಲಿ ಯಾವ ಕಡೆ ಸೀಟು ಒಳ್ಳೆಯದು? ಯಜಮಾನರ ಆಫೀಸಿನ ಕನ್ನಡದವರು ಗುಂಪಾಗಿ ಟಿಕೆಟ್ ತೆಗೆಯುತ್ತಿದ್ದಾರೆ. ಅವರ ಜೊತೆ ಸೇರೋದಾ, ನಾವೇ ಬೇರೆ ಹೋಗೋದಾ?

ರಾಗಿಮುದ್ದೆ 408:
ಗುಂಪಲ್ಲಿ ಹೋದರೂ ಒಂದೇ, ಬೇರೆ ಹೋದರೂ ಒಂದೇ ಮೇಡಂ. ಬೇ ಏರಿಯಾದಲ್ಲಿ ಗೊತ್ತಿರುವವರ ಕಣ್ಣು ತಪ್ಪಿಸಲು ಆಗುವುದಿಲ್ಲ. ನಾನು, ನನ್ನ ಹೆಂಡತಿ ಇಬ್ಬರೇ ಹೋಗಿದ್ದೆವು. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಎಷ್ಟೋ ಕಾಲದ ಮೇಲೆ. ಟಿಕೆಟ್ ತಲಾ 96 ಡಾಲರ್ ಅಂತ ತೋರಿಸಿದ ಆಪ್ ಕೊನೆಗೆ ಇಬ್ಬರಿಗೆ 247 ಹಿಡಿಯಿತು. ಆ ಫೀ, ಈ ಫೀ. ಪಾರ್ಕಿಂಗ್ 65. ಬಿಯರ್ 17. ಗಾರ್ಲಿಕ್ ಫ್ರೈಸ್ 14. ಒಟ್ಟು 343 ಡಾಲರ್. ಅಷ್ಟು ಕೊಟ್ಟು ಏನು ನೋಡಿದೆವು ಕೇಳಿ.

ನಾವು ಕನ್ನಡದಲ್ಲಿ ಮಾತಾಡೋದು ಕೇಳಿ ಪಕ್ಕದ ಸೀಟಿನವರು ತಿರುಗಿದರು. "ಮೈಸೂರಾ?" ಅಂದರು. ಹೌದು ಅಂದೆ. ಮೊದಲ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಅವರು ನನ್ನ ಷಡ್ಡಕನ ಹಳೇ ರೂಮ್‌ಮೇಟ್ ಅಂತ ಗೊತ್ತಾಯಿತು. ಖುಷಿಯಾಗಿ ನಾನೇ ಬಿಯರ್ ಕೊಡಿಸಿದೆ. ಎರಡನೇ ಕ್ವಾರ್ಟರ್‌ನಲ್ಲಿ ಕುವೆಂಪುನಗರದ ಮಾತು ಬಂತು. ನಮ್ಮ ಅಮ್ಮನ ಮನೆಯ ಮಹಡಿ ಮೇಲೆ ಬಾಡಿಗೆಗೆ ಇದ್ದವರು ಅವರೇ! ಅಲ್ಲಿಂದ ಶುರು. ಅಡ್ವಾನ್ಸ್‌ನಲ್ಲಿ ನಿಮ್ಮ ತಾಯಿ ದುಡ್ಡು ಹಿಡಿದುಕೊಂಡರು, ಇನ್ನೂ ಬರಬೇಕು ಅಂತ. ಎದುರಿಗೆ ಕರಿ ಅರ್ಧ ಅಂಗಳದಿಂದ ಎಸೆದಿದ್ದಾನೆ, ಜನ ಎದ್ದು ಕುಣಿಯುತ್ತಿದ್ದಾರೆ, ಈ ಮನುಷ್ಯ ಫೋನ್ ತೆಗೆದು ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುತ್ತಿದ್ದಾನೆ. ಹಾಫ್‌ಟೈಮ್‌ನಲ್ಲಿ ತಪ್ಪಿಸಿಕೊಳ್ಳೋಣ ಅಂದರೆ ಅದು 15 ನಿಮಿಷ. ಫ್ರೈಸ್ ಸಾಲಿನಲ್ಲೂ ಹಿಂದೆಯೇ ನಿಂತಿದ್ದರು.

ಬೀಮ್ ಹಚ್ಚಿ:
ಸಿಸ್ಟರ್, ಸುಮ್ನೆ ಸ್ಯಾನ್ ಫ್ರಾನ್ಸಿಸ್ಕೋಗೆ ದುಡ್ಡು ಸುರಿಯಬೇಡಿ. ಸ್ಯಾಕ್ರಮೆಂಟೊಗೆ ಬನ್ನಿ. ನಮ್ಮ ಕಿಂಗ್ಸ್ ಟೀಮಿನ ಅಂಗಳ ಗೋಲ್ಡನ್ 1 ಸೆಂಟರ್ 2016ರಲ್ಲಿ ಶುರುವಾದದ್ದು, ಊರ ಮಧ್ಯದಲ್ಲೇ ಇದೆ, ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಓನರ್ ವಿವೇಕ್ ರಣದಿವೆ ಮುಂಬೈನಲ್ಲಿ ಹುಟ್ಟಿದವರು. ಕಿಂಗ್ಸ್ ಗೆದ್ದರೆ ನೇರಳೆ ಬಣ್ಣದ ಬೆಳಕು, ಅದೇ ಬೀಮ್, ಆಕಾಶಕ್ಕೆ ಹೊಡೆಯುತ್ತಾರೆ, ಅದನ್ನು ನೋಡಲೇ ಜನ ಕಾಯುತ್ತಾರೆ. ನಾವು ಬಾಲಿವುಡ್ ನೈಟ್‌ಗೆ ಹೋಗಿದ್ದೆವು. ನಾಲ್ಕು ಜನಕ್ಕೆ ಫೀ ಎಲ್ಲಾ ಸೇರಿ 212 ಡಾಲರ್. ರೈಲು ಬೇರೆ. ಮ್ಯಾಚ್ ಮುಗಿದ ಮೇಲೆ ವಾಪಸ್ ರೈಲು ಇರಲಿಲ್ಲ, ಹೋಟೆಲ್‌ಗೆ 189 ಹೋಯಿತು, ಅದು ಬೇರೆ ವಿಷಯ.

ಅಲ್ಲಿ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ "ಲ್ಯಾಬ್ ರೆಕಾರ್ಡ್ ಬರೆದಿದ್ದೀಯೇನೋ?" ಅಂತ ದನಿ ಬಂತು. ತಿರುಗಿದರೆ ಶಿವಮೊಗ್ಗದಲ್ಲಿ ನನಗೆ ಪಿಯುಸಿಯಲ್ಲಿ ಫಿಸಿಕ್ಸ್ ಹೇಳಿದ ಮೇಡಂ! ಮಗಳ ಬಾಣಂತನಕ್ಕೆ ಬಂದಿದ್ದರಂತೆ. ಮಗಳ ಗಂಡ ನಮ್ಮ ಟೀಮಿನ ಡೈರೆಕ್ಟರ್ ಅಂತ ಆಮೇಲೆ ತಿಳಿಯಿತು. ಅದಾದ ಮೇಲೆ ಆಫೀಸಿನಲ್ಲಿ ನನ್ನ ಮಾತಿಗೆ ಬೆಲೆ ಬಂದಿದೆ. ಆ 189 ಡಾಲರ್ ನನಗೆ ಲೆಕ್ಕಕ್ಕೇ ಇಲ್ಲ.

ರಾಗಿಮುದ್ದೆ 408:
ಕರಿ ನೋಡಬೇಕು ಅಂದವರನ್ನು ಸ್ಯಾಕ್ರಮೆಂಟೊಗೆ ಕರೆಯುತ್ತೀರಲ್ಲ ಸ್ವಾಮಿ. 2023ರ ಪ್ಲೇಆಫ್‌ನಲ್ಲಿ ಕಿಂಗ್ಸ್, ವಾರಿಯರ್ಸ್ ನಡುವಿನ ನಿರ್ಣಾಯಕ ಏಳನೇ ಮ್ಯಾಚ್, ಅದೂ ನಿಮ್ಮದೇ ಅಂಗಳದಲ್ಲಿ, ಕರಿ 50 ಪಾಯಿಂಟ್ ಹೊಡೆದದ್ದು ನೆನಪಿದೆಯಾ? ಆ ದಿನ ಬೀಮ್ ಹಚ್ಚಿದಿರಾ?

ಬೀಮ್ ಹಚ್ಚಿ:
2024ರ ಏಪ್ರಿಲ್, ಪ್ಲೇ-ಇನ್ (ಪ್ಲೇಆಫ್‌ಗೆ ಮೊದಲಿನ ಅರ್ಹತಾ ಮ್ಯಾಚ್), ನಾವು ಗೆದ್ದದ್ದು 118-94. ನಿಮ್ಮ ಕ್ಲೇ ಥಾಂಪ್ಸನ್ ಹತ್ತು ಸಲ ಎಸೆದು ಒಂದೂ ಬೀಳಲಿಲ್ಲ. ಅದನ್ನೂ ನೆನಪಿಟ್ಟುಕೊಳ್ಳಿ.

ವರ್ಲಿಗೆ ಹೋಗಿ ಬಂದವ:
ನೀವೆಲ್ಲ ಅಲ್ಲಿ ಕೂತು ಡಾಲರ್ ಲೆಕ್ಕ ಹೇಳುತ್ತೀರಿ. 2019ರ ಅಕ್ಟೋಬರ್‌ನಲ್ಲಿ ಕಿಂಗ್ಸ್ ಮತ್ತು ಪೇಸರ್ಸ್ ಟೀಮುಗಳು ಮುಂಬೈನ ವರ್ಲಿಗೆ ಬಂದಾಗ ನಾನು ಬೆಂಗಳೂರಿನಿಂದ ಹೋಗಿದ್ದೆ. ಎರಡು ಮ್ಯಾಚ್. ಮೊದಲನೆಯದು ಶಾಲಾ ಮಕ್ಕಳಿಗೆ. ಅದು ಓವರ್‌ಟೈಮ್‌ಗೆ ಹೋಗಿ 132-131ರಲ್ಲಿ ಮುಗಿಯಿತು! ದುಡ್ಡು ಕೊಟ್ಟ ನಮಗೆ ಮಾರನೇ ದಿನದ್ದು. ಅದರಲ್ಲಿ ಪೇಸರ್ಸ್ 130, ಕಿಂಗ್ಸ್ 106. ಮೂರನೇ ಕ್ವಾರ್ಟರ್‌ಗೇ ಆಕಳಿಕೆ. ವಿಮಾನಕ್ಕೆ 7,400, ಹೋಟೆಲ್‌ಗೆ 5,200, ಮಳೆಯಲ್ಲಿ ಟ್ಯಾಕ್ಸಿಗೆ 900. ಬೀಮ್ ಸಾಹೇಬರೇ, ನಿಮ್ಮ ಕಿಂಗ್ಸ್ ಅಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಷ್ಟು ಸಾಲದು ಅಂತ ಅಲ್ಲಿ ಹೆಂಡತಿಯ ಸೋದರಮಾವ ಸಿಕ್ಕರು. ಹುಬ್ಬಳ್ಳಿಯವರು, ಬ್ಯಾಸ್ಕೆಟ್‌ಬಾಲ್ ಅಂದರೆ ಏನು ಅಂತಲೂ ಗೊತ್ತಿಲ್ಲ, ಯಾರೋ ಪಾಸ್ ಕೊಟ್ಟರಂತೆ. ನಾನು ದುಡ್ಡು ಕೊಟ್ಟು ಮೇಲೆ, ಅವರು ಪುಕ್ಕಟೆ ಕೆಳಗೆ. ಮನೆಯಲ್ಲಿ ನಾನು ಆಫೀಸ್ ಕೆಲಸದ ಮೇಲೆ ಮುಂಬೈ ಅಂತ ಹೇಳಿ ಹೊರಟಿದ್ದೆ. ನಾನು ಬೆಂಗಳೂರಿಗೆ ಇಳಿಯುವ ಮೊದಲೇ ಫೋಟೋ ಮನೆ ತಲುಪಿತ್ತು.

ಒಳ್ಳೆಯ ಆಟ ಬೇಕಾದರೆ ನಮ್ಮ ಕಂಠೀರವ ಒಳಾಂಗಣ ಸಾಕು. 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ಅಲ್ಲೇ ಆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿದರು. ಅದು ಮ್ಯಾಚ್!

ಹಾಸನದ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಮೆಟ್ಟಿಲಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಕುವೆಂಪುನಗರ ಕೆ ಬ್ಲಾಕ್:
ಮೆಟ್ಟಿಲು ಆಮೇಲೆ. ರಾಗಿಮುದ್ದೆ ಅವರೇ, ಆ ಪಕ್ಕದ ಸೀಟಿನವರು ನಮ್ಮ ಯಜಮಾನರು. ಅರ್ಧ ಕಥೆ ಹೇಳಿದ್ದೀರಿ, ಉಳಿದದ್ದು ನಾನು ಹೇಳುತ್ತೇನೆ. ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ಎಲ್ಲ ಕಡೆ ಇದ್ದದ್ದೇ, ಒಪ್ಪಿದೆವು. ಅದರ ಮೇಲೆ 8,000 ಯಾಕೆ? ಸಂಪಿನ ಮೋಟರ್ ಸುಟ್ಟಿತು ಅಂತ. ಆ ಮೋಟರ್ ಕೆಳಗಿನ ಮನೆಗೂ ನೀರು ಎತ್ತುತ್ತಿತ್ತು. ನಾವೊಬ್ಬರೇ ಯಾಕೆ ಕೊಡಬೇಕು? ಫೋನ್ ಮಾಡಿದರೆ ನಿಮ್ಮ ತಾಯಿ ಎತ್ತುವುದಿಲ್ಲ. ಮಗ ಎದುರಿಗೆ ಸಿಕ್ಕಾಗ ಕೇಳದೆ ಇನ್ಯಾವಾಗ ಕೇಳಬೇಕಿತ್ತು?

ರಾಗಿಮುದ್ದೆ 408:
ಅಮ್ಮನ ಸುದ್ದಿ ಇಲ್ಲಿ ಎತ್ತಬೇಡಿ. ಗೋಡೆ ತುಂಬ ಮೊಳೆ ಹೊಡೆದಿದ್ದಿರಿ. ಹಾಲಿನ ಕಿಟಕಿಯ ಪಕ್ಕದಲ್ಲಿ ಕೈ ತೂರುವಷ್ಟು ತೂತು. ಅದಕ್ಕೆ ನಾವು ಒಂದು ರೂಪಾಯಿ ಹಿಡಿದಿಲ್ಲ.

ಕುವೆಂಪುನಗರ ಕೆ ಬ್ಲಾಕ್:
ಆ ತೂತು ಏಸಿಯದು. ನಿಮ್ಮ ತಾಯಿಯನ್ನು ಕೇಳಿಯೇ ಹಾಕಿಸಿದ್ದು.

ವರ್ಲಿಗೆ ಹೋಗಿ ಬಂದವ:
ಮೋಟರ್ ರಿಪೇರಿ ಓನರ್ ಲೆಕ್ಕ. ನಾನೂ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ಇಂಥದ್ದಕ್ಕೆ ಯಾವತ್ತೂ ಹಿಡಿದಿಲ್ಲ.

ಕಡ್ಲೆಕಾಯಿ:
ಅಯ್ಯೋ, ಪಾಪ ಅವರು ಕೇಳಿದ್ದು ಮಂಡಿ ನೋವಿನ ವಿಷಯ. ಸಿಸ್ಟರ್, 200ರ ಸೆಕ್ಷನ್‌ಗಳು ಮೇಲಿನವು, ಅಲ್ಲಿ ಮೆಟ್ಟಿಲು ಕಡಿದಾಗಿವೆ, ಹಿಡಿದುಕೊಂಡೇ ಇಳಿಯಬೇಕು. ಸೆಕ್ಷನ್‌ನ ಬಾಗಿಲಿಗೆ ಹತ್ತಿರ ಇರುವ ಸಾಲು ನೋಡಿ ತಗೊಳ್ಳಿ. ಕಾರು ಬೇಡ. ಫ್ರೀಮಾಂಟ್‌ನಿಂದ ಬಾರ್ಟ್ ರೈಲಿನಲ್ಲಿ ಪೊವೆಲ್ ಸ್ಟೇಷನ್ ತನಕ ಬಂದು, ಅಲ್ಲೇ ನೆಲದಡಿಯಲ್ಲಿ ಮ್ಯುನಿಯ (ಸಿಟಿ ಸಾರಿಗೆಯ) ಟಿ ಲೈನ್ ರೈಲು ಹಿಡಿದರೆ ಚೇಸ್ ಸೆಂಟರ್ ಎದುರಿಗೇ ಇಳಿಯುತ್ತೀರಿ. ಮ್ಯಾಚ್ ಟಿಕೆಟ್ ತೋರಿಸಿದರೆ ಮ್ಯುನಿಗೆ ಬೇರೆ ಟಿಕೆಟ್ ಬೇಡ.

ಇನ್ನೊಂದು, ಬ್ಯಾಕ್ ಟು ಬ್ಯಾಕ್ (ಸತತ ಎರಡು ದಿನ ಮ್ಯಾಚ್) ಇರುವ ದಿನ ಮಾತ್ರ ತಗೊಳ್ಳಬೇಡಿ. ನಾವು 164 ಡಾಲರ್‌ನ ಸೀಟಿನಲ್ಲಿ ಕೂತು ನೋಡಿದರೆ ಕರಿ ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ ನಗುತ್ತಿದ್ದ. ಯಾರು ಆಡುವುದಿಲ್ಲ ಅಂತ ಹೇಳುವ ಇಂಜುರಿ ರಿಪೋರ್ಟ್ ಸಾಮಾನ್ಯವಾಗಿ ಹಿಂದಿನ ದಿನವೇ ಬರುತ್ತದೆ, ಬ್ಯಾಕ್ ಟು ಬ್ಯಾಕ್‌ನ ಎರಡನೇ ಮ್ಯಾಚ್‌ಗೆ ಮಾತ್ರ ಅದೇ ದಿನ ಬರುತ್ತದೆ. ಅಷ್ಟು ಹೊತ್ತಿಗೆ ನಮ್ಮ ದುಡ್ಡು ಹೋಗಿತ್ತು.

ಬೀಮ್ ಹಚ್ಚಿ:
ಅದಕ್ಕೇ ಹೇಳಿದ್ದು, ಸ್ಯಾಕ್ರಮೆಂಟೊ.

ಕುವೆಂಪುನಗರ ಕೆ ಬ್ಲಾಕ್:
ರಾಗಿಮುದ್ದೆ ಅವರೇ, 8,000ದ ಮಾತು ಇನ್ನೂ ಮುಗಿದಿಲ್ಲ.

ರಾಗಿಮುದ್ದೆ 408:
ಅರ್ಧ ಮೋಟರ್‌ದು ನಾನು ಕೊಡುತ್ತೇನೆ, 4,000. ನಿಮ್ಮ ಯಜಮಾನರು ಕುಡಿದ ಬಿಯರ್ 17 ಡಾಲರ್, ಅದನ್ನು ಕಳೆದು ಅಕೌಂಟ್ ನಂಬರ್ ಮೆಸೇಜ್ ಮಾಡಿ.